ಯಮನೂರಪ್ಪನ ಸೋಲುಗಳನ್ನು ಹಸನು ಮಾಡುವ ಮುನ್ನ

ಗಾಳಿಕಾವಲು ಮನೆ, ಕಪ್ಪತಗುಡ್ಡ
ಮರುಎಣಿಕೆಯ ನೂರಾ ಹನ್ನೆರಡನೆಯ ವರ್ಷ, ಹೊಂಗೆಹೂವಿನ ತಿಂಗಳ ಮೂವತ್ತೆಂಟನೆಯ ದಿನ

ಹುಬ್ಬಳ್ಳಿ ರೈಲ್ವೆ ಕಾಲನಿಯ ಬಾಕ್ಸರ್ ಯಮನೂರಪ್ಪ ಕಟ್ಟೀಮನಿ ಅವರಿಗೆ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಗಳನ್ನು ಮತ್ತೆ ಒಂದರಿಂದ ಎಣಿಸತೊಡಗಿದ್ದಾರೆ, ತಿಂಗಳು ಹೂವಿನ ಲೆಕ್ಕದ್ದು. ಹೂ ಉದುರುವ ತನಕ ತಿಂಗಳು ಮುಗಿಯುವುದಿಲ್ಲ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪಂದ್ಯಗಳ ವೀಕ್ಷಕ ವಿವರಣೆ ಕೇಳಿ ಕಲಿತವಳು. ನನ್ನ ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮನ್ನು ಏನೆಂದು ಕರೆಯಬೇಕೆಂಬುದೂ ತಿಳಿಯದು. ಹುಟ್ಟಿದ ಲೆಕ್ಕ ಹಿಡಿದರೆ ನೀವು ನನ್ನ ಮುತ್ತಜ್ಜನಿಗೂ ಹಿರಿಯರು. ಆದರೆ ದಿನಾ ಸಂಜೆ ನನ್ನೆದುರು ಬಂದು ನಿಲ್ಲುವ ನಿಮಗೆ ಇಪ್ಪತ್ತೈದೋ ಇಪ್ಪತ್ತಾರೋ, ನನಗೆ ಐವತ್ತು ದಾಟಿದೆ. ಅಜ್ಜ ಅನ್ನಲೂ ಆಗದೆ, ತಮ್ಮ ಅನ್ನಲೂ ಆಗದೆ ಹೆಸರು ಹಿಡಿದೇ ಬರೆಯುತ್ತಿದ್ದೇನೆ. ನನ್ನ ಹೆಸರು ದ್ಯಾಮಕ್ಕ. ಈ ಪತ್ರ ನಿಮಗೆ ಮುಟ್ಟುವ ದಾರಿಯೇ ಇಲ್ಲವೆಂದು ಬಲ್ಲವರು ಹೇಳುತ್ತಾರೆ. ಅವರು ಹೇಳಿಕೊಳ್ಳಲಿ.

ಈ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರಗಳಿವೆ. ಅವುಗಳ ಸದ್ದು ಕೇಳಿ ಯಾವುದಕ್ಕೆ ಎಣ್ಣೆ ಬೇಕು, ಯಾವುದರ ರೆಕ್ಕೆ ಸಡಿಲವಾಗಿದೆ ಎಂದು ತಿಳಿದು ಸರಿಪಡಿಸುವುದು ನನ್ನ ಕೆಲಸ. ಕೆಳಗಿನ ಊರುಗಳು ನೀರಿರುವ ಕಡೆಗೆ ಎದ್ದು ಹೋಗಿ ಎರಡು ತಲೆಮಾರಾಯಿತು. ಒಂದು ಗುಡ್ಡಕ್ಕೆ ಒಬ್ಬರು, ಇದು ನಮ್ಮ ಕಾಲದ ಪದ್ಧತಿ. ಬಲೆ ಕಟ್ಟಿ ಮಂಜಿನಿಂದ ನೀರು ಹಿಡಿಯುತ್ತೇನೆ, ನವಣೆ ಬೇಯಿಸಿಕೊಳ್ಳುತ್ತೇನೆ. ತಿಂಗಳಿಗೊಮ್ಮೆ ಚಾಲಕನಿಲ್ಲದ ಗಾಡಿ ಬಂದು ಸಾಮಾನು ಇಳಿಸಿ ಹೋಗುತ್ತದೆ. ಚಹಾ ಕುಡಿಯುತ್ತೀಯಾ ಎಂದು ಅದನ್ನೂ ಕೇಳಿದ್ದೇನೆ. ಹೀಗೆ ಒಂಟಿಯಾಗಿದ್ದವರು ಕೊನೆಗೆ ಮನುಷ್ಯರನ್ನು ಕಂಡರೆ ಬೆಚ್ಚುವಂತಾಗುತ್ತಾರೆಂದು ಪ್ರತಿ ಕಾವಲುಮನೆಗೂ ಒಂದು ಎದುರಾಳನ್ನು ಕೊಟ್ಟಿದ್ದಾರೆ. ಎದುರಾಳೆಂದರೆ ರಬ್ಬರು, ಹತ್ತಿ, ತಂತಿಗಳಿಂದ ಮಾಡಿದ ಆಳೆತ್ತರದ ಮೈ. ಹಿಂದಿನ ಕಾಲದ ಆಟಗಾರರೊಬ್ಬರ ಪಂದ್ಯಗಳನ್ನೆಲ್ಲ ಅದರೊಳಗೆ ತುಂಬಿರುತ್ತಾರೆ, ಅದು ಥೇಟ್ ಅವರಂತೆಯೇ ಆಡುತ್ತದೆ. ಪಕ್ಕದ ಗುಡ್ಡದವನಿಗೆ ಚದುರಂಗದವರು ಸಿಕ್ಕರು. ನನ್ನ ಹಣೆಬರಹಕ್ಕೆ ನೀವು ಸಿಕ್ಕಿರಿ.

ನಿಮ್ಮೊಡನೆ ಆಡುವುದೆಂದರೆ ಅದೊಂದು ಜೂಜು. ಪ್ರತಿ ಸಂಜೆ ಯಂತ್ರ ನಿಮ್ಮ ಯಾವುದೋ ಒಂದು ಪಂದ್ಯವನ್ನು ತಾನೇ ಆರಿಸುತ್ತದೆ. ಯಾವುದೆಂದು ಮೊದಲೇ ಹೇಳುವುದಿಲ್ಲ. ಏಷ್ಯಾದ ಚಿನ್ನ ಗೆದ್ದ ದಿನದ ನೀವು ಬಂದರೆ ನಿಮ್ಮ ಎಡಗೈ ಹೊರಟದ್ದೂ ಕಾಣುವುದಿಲ್ಲ, ಮುಟ್ಟಿದ್ದೂ ಕಾಣುವುದಿಲ್ಲ, ನಾನು ಮಾತ್ರ ನೆಲದ ಮೇಲೆ ಕೂತಿರುತ್ತೇನೆ. ಮರುದಿನ ಯಾವನೋ ಹೆಸರಿಲ್ಲದವನ ಕೈಯಲ್ಲಿ ಸೋತ ದಿನದ ನೀವು ಬರುತ್ತೀರಿ. ಆಗ ಮೊಣಕಾಲು ನೋವಿನ ನನ್ನಂಥವಳೂ ನಿಮಗೆ ನಾಲ್ಕು ಬಾರಿಸಬಹುದು. ನಿಮ್ಮ ತರಬೇತುದಾರ ಸೈಮನ್ ಮಾಸ್ತರರು ರಿಂಗಿನ ಮೂಲೆಯಿಂದ ಕೂಗಿದ ದನಿಯೂ ಯಂತ್ರದೊಳಗೆ ಉಳಿದಿದೆ. "ಕೈ ಎತ್ತಲೇ ಯಮನೂರಾ! ನಿದ್ದಿ ಬಂತೇನ್ ನಿನಗ? ಕೈ ಎತ್ತೋ ನನ್ನಪ್ಪಾ!" ಬೈಗುಳದಲ್ಲಿ ಶುರುವಾದದ್ದು ಮೂರನೆಯ ಸುತ್ತಿನ ಹೊತ್ತಿಗೆ ಬೇಡಿಕೆಯಾಗುತ್ತದೆ. ಈ ಗುಡ್ಡದಲ್ಲಿ ನನ್ನ ಕಿವಿಗೆ ಬೀಳುವ ಪ್ರೀತಿಯ ಮಾತು ಇದೊಂದೇ, ಅದೂ ನನಗೆ ಹೇಳಿದ್ದಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹಳೆಯ ಆಟಗಾರರನ್ನು ಕಾಪಾಡುವ ಸಂಗ್ರಹಶಾಲೆಯಲ್ಲಿ ಜಾಗ ಸಾಲದಾಗಿದೆ. ಯಾರು ಉಳಿಯಬೇಕು, ಯಾರು ಅಳಿಯಬೇಕು ಎಂದು ಅವರೊಡನೆ ಆಡಿದವರನ್ನೇ ಕೇಳುತ್ತಿದ್ದಾರೆ. ನಿಮ್ಮೊಡನೆ ಆಡಿದವಳು ನಾನೊಬ್ಬಳೇ. ಉಳಿಸಿಕೊಂಡರೂ ಇದ್ದಂತೆ ಉಳಿಸುವುದಿಲ್ಲ, ಹಸನು ಮಾಡುತ್ತಾರೆ. ಜೋಳದೊಳಗಿನ ಕಲ್ಲು ಆರಿಸಿದಂತೆ ಸೋಲುಗಳನ್ನೆಲ್ಲ ಆರಿಸಿ ತೆಗೆದು, ಗೆದ್ದ ದಿನಗಳನ್ನಷ್ಟೇ ಮಕ್ಕಳ ಶಾಲೆಗೆ ಕಳಿಸುತ್ತಾರೆ. ಉಳಿಸಲಿ, ಅಳಿಸಲಿ, ನನ್ನ ಎದುರಾಳನ್ನಂತೂ ಇಲ್ಲಿಂದ ಒಯ್ಯುತ್ತಾರೆ. ಸಂಗ್ರಹಶಾಲೆಯ ಮೌಲಾಲಿ ದೂರದನಿಯಲ್ಲಿ, ಅಂದರೆ ನಿಮ್ಮ ಫೋನಿನಂಥದ್ದರಲ್ಲಿ, ಕೇಳಿದ: "ಅಕ್ಕಾರ, ಹಸನ ಮಾಡೂದೋ, ಪೂರಾ ಅಳಸೂದೋ? ಎರಡರಾಗ ಒಂದ ಹೇಳ್ರಿ. ಇದ್ದಂಗ ಇಡ್ರಿ ಅನಬ್ಯಾಡ್ರಿ, ಅದಕ್ಕ ಜಾಗಾ ಇಲ್ಲ."

ಹೀಗಾಗಿ ನಿಮ್ಮನ್ನು ತೂಗಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಮುಲಾಜಿಲ್ಲದೆ ಹೇಳುತ್ತೇನೆ. ನಿಮ್ಮಂಥ ಎಡಗೈ ನಿಮ್ಮ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಆದರೆ ನೀವು ದೊಡ್ಡ ಚಾಂಪಿಯನ್ ಅಲ್ಲ. ದೊಡ್ಡವರು ದಿನಾ ಬರುತ್ತಾರೆ. ಎಷ್ಟೋ ದಿನ ನಿಮ್ಮ ಮೈ ಮಾತ್ರ ಬರುತ್ತಿತ್ತು, ನೀವು ಬರುತ್ತಿರಲಿಲ್ಲ. ಕುಡಿತ ಅಂದರು, ಕೊಬ್ಬು ಅಂದರು, ಪ್ರೇಮಭಂಗ ಅಂದರು. ನಾನೂ ಕೂತು ತಾಳೆ ಹಾಕಿದೆ, ಯಾವುದೂ ಹೊಂದಲಿಲ್ಲ. ಊರೆಲ್ಲ ಮೆರವಣಿಗೆ ಮಾಡಿದ ವಾರವೇ ಸೋತಿದ್ದೀರಿ, ತಾಯಿಯನ್ನು ಮಣ್ಣು ಮಾಡಿ ಬಂದ ವಾರ ಗೆದ್ದಿದ್ದೀರಿ. ಕಾರಣವೇ ಇರಲಿಲ್ಲವೇನೋ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು, ಸಿಟ್ಟೂ ಬಂತು.

ಅಷ್ಟೇ ಆಗಿದ್ದರೆ ಉತ್ತರ ಸುಲಭವಿತ್ತು. ಆದರೆ ಮೌಲಾಲಿಗೆ ಹೇಳದ ಒಂದು ಮಾತಿದೆ. ಗೆದ್ದ ಪಂದ್ಯಗಳಲ್ಲಿ ನೀವು ಯಾರ ಹತ್ತಿರವೂ ಹೋಗುವುದಿಲ್ಲ. ಆ ಎಡಗೈ ಅಷ್ಟು ದೂರದಿಂದಲೇ ಕೆಲಸ ಮುಗಿಸಿಬಿಡುತ್ತದೆ. ಸೋಲುವಾಗ ಮಾತ್ರ, ದಣಿದು, ಹೊಡೆತ ತಪ್ಪಿಸಿಕೊಳ್ಳಲು ಎದುರಿಗಿದ್ದವನನ್ನು ತಬ್ಬಿ ಹಿಡಿಯುತ್ತೀರಿ. ದಾವಣಗೆರೆಯ ಪಂದ್ಯದ ನೀವು ಬಂದ ಸಂಜೆ, ಮೂರನೆಯ ಸುತ್ತಿನಲ್ಲಿ, ನನ್ನನ್ನು ಬಾಚಿ ಹಿಡಿದು ಹೆಗಲ ಮೇಲೆ ತಲೆ ಇಡುತ್ತೀರಿ. ರಬ್ಬರು ಎಂದು ಗೊತ್ತು. ಆದರೂ ಒಂದು ತಲೆಯ ಭಾರ ಎಷ್ಟೆಂದು ನನ್ನ ಹೆಗಲಿಗೆ ನೆನಪಿರುವುದು ಅದರಿಂದಲೇ. ಈ ಗುಡ್ಡ ಹತ್ತಿದ ಮೇಲೆ ನನ್ನನ್ನು ಬೇರೆ ಯಾರೂ ಮುಟ್ಟಿಲ್ಲ. ಹಸನು ಮಾಡುವವರು ಮೊದಲು ತೆಗೆಯುವುದು ಅಂಥ ಪಂದ್ಯಗಳನ್ನೇ.

ಅಳಿಸಿಬಿಡಿ ಎನ್ನಲು ಬಾಯಿ ತೆರೆದಿದ್ದೆ. ನನಗಿಲ್ಲದ್ದು ಯಾರಿಗೂ ಬೇಡ ಎಂಬ ಹೊಟ್ಟೆಕಿಚ್ಚು, ಸುಳ್ಳು ಯಾಕೆ ಹೇಳಲಿ. ಆದರೆ ಎಲ್ಲೋ ಒಂದು ಶಾಲೆಯಲ್ಲಿ ಎಡಗೈ ಮುಂದಾದ ಮಗುವೊಂದು ಇರುತ್ತದೆ, ಅದಕ್ಕೆ ನಿಮ್ಮ ಚಿನ್ನದ ದಿನ ಬೇಕು. ನಿಮಗೂ ಬೇಕಿತ್ತು, ಬದುಕಿನುದ್ದಕ್ಕೂ ನಿಮ್ಮ ಕೈಗೇ ಸಿಗದ ಆ ನೀವು. "ಹಸನು ಮಾಡಪ್ಪ" ಎಂದೆ. "ಛಲೋ ಆತ್ರಿ ಅಕ್ಕಾರ," ಎಂದು ಅವನು ಮುಂದಿನ ಗುಡ್ಡಕ್ಕೆ ಮಾತಾಡಲು ಹೋದ.

ಎದುರಾಳನ್ನು ಒಯ್ಯಲು ಗಾಡಿ ನಾಳೆ ಬೆಳಿಗ್ಗೆ ಬರುತ್ತದೆ. ಈ ಸಂಜೆ ಕೊನೆಯ ಸಲ ಗ್ಲೌಸ್ ತೊಟ್ಟು ನಿಂತೆ. ದಾವಣಗೆರೆಯೇ ಬರಲಿ ಎಂದು ಗುಡ್ಡದ ದೇವರಿಗೆ ಹರಕೆ ಹೊತ್ತಿದ್ದೆ. ಚಿನ್ನದ ದಿನದ ನೀವು ಬಂದಿರಿ. ನನ್ನನ್ನು ಯಾರೂ ಅಷ್ಟು ಚೆಂದವಾಗಿ ಸೋಲಿಸಿರಲಿಲ್ಲ. ನಾನು ಕೈ ಚಾಚಿ ಹತ್ತಿರ ಬಂದಷ್ಟೂ ನೀವು ಹಗುರವಾಗಿ ಹಿಂದೆ ಸರಿದಿರಿ, ಮೂರು ಸುತ್ತಿನಲ್ಲಿ ಒಮ್ಮೆಯೂ ಕೈಗೆ ಸಿಗಲಿಲ್ಲ. ಚಿನ್ನ ಗೆದ್ದ ಆ ದಿನ ಸೈಮನ್ ಮಾಸ್ತರರಿಗೆ ಕೂಗುವ ಅಗತ್ಯವೇ ಬಿದ್ದಿರಲಿಲ್ಲ. ನೆಲದ ಮೇಲೆ ಕೂತು ಅತ್ತೆ.

ನಿಮ್ಮಲ್ಲಿ ದಾವಣಗೆರೆಯ ಪಂದ್ಯ ಇನ್ನೂ ಆಗಿಲ್ಲವೆಂದು ನಂಬಿ ಒಂದು ಬೇಡಿಕೆ ಇಡುತ್ತೇನೆ. ಅಲ್ಲಿ ನೀವು ಸೋಲುತ್ತೀರಿ. ಗೆಲ್ಲಿ ಎಂದು ನಾನು ಕೇಳುವುದಿಲ್ಲ. ಮೂರನೆಯ ಸುತ್ತಿನಲ್ಲಿ ಕಾಲು ಸೋತು ಎದುರಿಗೆ ಆಡುತ್ತಿರುವ ಹುಡುಗನನ್ನು ತಬ್ಬುತ್ತೀರಿ. ಜನ ಕೂಗುತ್ತಾರೆ, ಮಾಸ್ತರರು ಬೈಯುತ್ತಾರೆ, ರೆಫ್ರಿ ಬಿಡಿಸಲು ಬರುತ್ತಾನೆ. ನಾಚಿಕೊಂಡು ಕೂಡಲೇ ಕೈ ಬಿಡಬೇಡಿ, ಇನ್ನೊಂದು ಉಸಿರು ಹಾಗೇ ನಿಲ್ಲಿ, ನಾನು ಕಂಡ ದಾವಣಗೆರೆಯ ಸಂಜೆಗಳೂ ಅಷ್ಟು ಉದ್ದವಾದಾವು. ಆ ಹುಡುಗನಿಗೆ ಅದು ಬೇಕಿರಲಿಕ್ಕಿಲ್ಲ. ನನಗೆ ಬೇಕು.

ದ್ಯಾಮಕ್ಕ