ಕಂದು ಶಾಲಿನ ಗುರುತು

ಅಮ್ಮಾವ್ರೇ,

ಈ ಪತ್ರವನ್ನು ನಿಮ್ಮ ದಿಂಬಿನ ಕವರಿನೊಳಗೆ ಮಡಚಿಟ್ಟಿದ್ದೇನೆ. ಓದಿದ ತಕ್ಷಣ ಹರಿದುಹಾಕಿ.

ಯಜಮಾನರ ಮೊದಲ ಹೆಂಡತಿ ಸತ್ತ ಮೇಲೂ ಕಂದು ಶಾಲು ಹೊದ್ದು ಮೆಟ್ಟಿಲ ಮೇಲೆ ನಿಲ್ಲುತ್ತಾರೆ ಅಂತ ಹೋದ ವಾರ ಬಟ್ಟೆ ಕೊಡುವಾಗ ಅತ್ತಿರಲ್ಲ? ಆ ಶಾಲು ಅವರ ಜೊತೆಗೇ ಮಣ್ಣಿಗೆ ಹೋಯಿತು, ನಿಮಗೇ ತಲೆ ಕೆಟ್ಟಿದೆ ಅಂತ ಯಜಮಾನರು ಅಂದರಂತೆ. ಗುರುವಾರ ನಿಮ್ಮನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತಾರಂತೆ.

ಮೊನ್ನೆ ನಿಮ್ಮ ಮನೆಯ ಬಟ್ಟೆಗಂಟಿನಲ್ಲಿ ಆ ಶಾಲು ತಪ್ಪಿ ಬಂದಿದೆ. ನಮ್ಮ ಲಾಂಡ್ರಿಯಲ್ಲಿ ಪ್ರತಿ ಬಟ್ಟೆಯ ಅಂಚಿಗೂ ಮಾಸದ ಮಸಿಯಲ್ಲಿ ಗುರುತು ಹಾಕುತ್ತೇವೆ. ಈ ಶಾಲಿನಲ್ಲಿ ಆ ಮೊದಲಿನ ಅಮ್ಮನ ಗುರುತಿದೆ, ಬರೆದವಳು ನಾನೇ. ಕತ್ತಿನ ಹತ್ತಿರ ಶೇವಿಂಗ್ ಸೋಪು ಒಣಗಿ ಅಂಟಿದೆ. ದೆವ್ವಕ್ಕೆ ಗಡ್ಡ ಬರುತ್ತದೆಯೇ?

ಯಜಮಾನರು ಎರಡು ಸಲ ಬಂದು ಶಾಲು ಕೇಳಿದರು. ಬಂದಿಲ್ಲ ಅಂದೆ. ಎರಡನೇ ಸಲ ಬಾಗಿಲಲ್ಲೇ ನಿಂತು ಕಪಾಟುಗಳನ್ನೆಲ್ಲ ಕಣ್ಣಲ್ಲೇ ಜಾಲಾಡಿದರು. ನಾನು ಶಾಲಿನ ಮೇಲೇ ಕೂತಿದ್ದೆ, ಏಳಲಿಲ್ಲ.

ನಿಮ್ಮ ಅಣ್ಣನಿಗೆ ಫೋನ್ ಮಾಡಿದ್ದೇನೆ. ಬುಧವಾರ ಬೆಳಿಗ್ಗೆ ಶಾಲು ಹಿಡಿದುಕೊಂಡು ನಮ್ಮ ಲಾಂಡ್ರಿಯ ಹಿಂಬಾಗಿಲಲ್ಲಿ ಕಾಯುತ್ತಾರೆ. ನೀವು ಮುಂಬಾಗಿಲಿಂದ ನನ್ನ ಜೊತೆ ಜಗಳಕ್ಕೆ ಬನ್ನಿ. ಜೋರಾಗಿಯೇ ಬೈಯಿರಿ, ನನಗೆ ಬೇಜಾರಿಲ್ಲ.

ದಿಂಬಿನ ಕವರನ್ನು ಇಸ್ತ್ರಿಯಿಂದ ಬೇಕೆಂದೇ ಸುಟ್ಟಿದ್ದೇನೆ, ಕ್ಷಮಿಸಿ. ಮನೆಯಿಂದ ಹೊರಡಲು ನಿಮಗೊಂದು ಕಾರಣ ಬೇಕಲ್ಲ.

ಇಂತಿ,
ನಿಮ್ಮ ಲಾಂಡ್ರಿಯವಳು