ಕ್ರಿಕೆಟ್ ಗ್ರೂಪಿನ ರುದ್ರೇಶ

ಕಾರಟಗಿ, ಬುಧವಾರ

ಗಂಗಾವತಿಯ ಪ್ರವೀಣಕುಮಾರ ಅಣ್ಣನವರಿಗೆ ನಮಸ್ಕಾರ.

ನೀವು ನಡೆಸುವ ಕ್ರಿಕೆಟ್ ವಾಟ್ಸಾಪ್ ಗ್ರೂಪಿನ ರುದ್ರೇಶ ನಾನೇ. ನನ್ನ ಹೆಸರು ಭವಾನಿ. ರುದ್ರೇಶ ಎಂಬುದು ಗ್ರೂಪಿಗೆಂದು ಇಟ್ಟುಕೊಂಡ ಹೆಸರು. ಸಿಮ್ ತಮ್ಮ ಕೊಡಿಸಿದ್ದು, ಆ ನಂಬರ್ ಮನೆಯವರಿಗೆ ಗೊತ್ತಿಲ್ಲ. ಗಂಡಸರ ಗ್ರೂಪಿಗೆ ಸೇರಿದ್ದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೆಸೇಜ್ ಮಾಡಿದರೆ ನೀವು ಅದನ್ನು ಎಲ್ಲರಿಗೂ ಕಳಿಸಿಬಿಡುತ್ತೀರಿ, ಅದಕ್ಕೇ ಈ ಕಾಗದ.

ಹೋದ ತಿಂಗಳು ಗ್ರೂಪಿಗೆ ಬಂದ, ಇಲ್ಲಿನ ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುವ ಅಮರಪ್ಪನವರು ನನ್ನ ಮಾವ, ಗಂಡನ ತಂದೆ. ಮನೆಯಲ್ಲಿ ನನ್ನೊಡನೆ ಅವರದು ಊಟ, ಚಹಾದಷ್ಟೇ ಮಾತು. ರುದ್ರೇಶನಿಗಾದರೆ ಎಲ್ಲವನ್ನೂ ಹೇಳುತ್ತಾರೆ. ಸೋಮವಾರ ಮ್ಯಾಚಿನ ನಡುವೆ, "ಮಿಲ್ಲಿನ ಮೆಟ್ಟಲಾ ಹತ್ತಿದ್ರ ಎದಿ ಹಿಡೀತೈತಿ. ಮನ್ಯಾಗ ಹೇಳಿಲ್ಲ, ಸೊಸಿ ಅಂಜ್ತಾಳ" ಎಂದು ಬರೆದರು. ನೀವೆಲ್ಲ ನಗುವ ಮುಖ ಹಾಕಿದಿರಿ. "ದವಾಖಾನಿಗೆ ಹೋಗ್ರಿ ಕಾಕಾ" ಎಂದು ನಾನು ಬರೆದೆ. "ಫೈನಲ್ ಮುಗೀಲಿ ತಮ್ಮಾ" ಎಂದರು. ಫೈನಲ್‌ಗೆ ಇನ್ನೂ ಹದಿನೆಂಟು ದಿನ ಇದೆ.

ನಿನ್ನೆ ಊಟಕ್ಕೆ ಬಡಿಸುವಾಗ, "ಆರಾಮ ಅದೀರೇನ್ರಿ ಮಾವಾರ?" ಎಂದು ಕೇಳಿದೆ. "ನನಗೇನಾಗೈತಿ?" ಎಂದು ಒಂದೇ ರೊಟ್ಟಿಗೆ ಕೈತೊಳೆದರು. ಗಂಡನಿಗೆ ಹೇಳಿದರೆ, ನಿನಗೆ ಹೇಗೆ ಗೊತ್ತಾಯಿತು ಎನ್ನುತ್ತಾರೆ.

ಶುಕ್ರವಾರ ಮಾವ ಮಿಲ್ಲಿನ ಕೆಲಸಕ್ಕೆ ಗಂಗಾವತಿಗೆ ಬರುತ್ತಾರೆ. ನಿಮ್ಮ ಅಂಗಡಿಯಲ್ಲಿ ಕೂತು ಮಾತಾಡದೆ ಮರಳುವವರಲ್ಲ. ದಯವಿಟ್ಟು ಅವರನ್ನು ದವಾಖಾನೆಗೆ ಕರೆದೊಯ್ಯಿರಿ. ನನ್ನ ಹೆಸರು ಎತ್ತಬೇಡಿ.

ಶನಿವಾರದ ಮ್ಯಾಚಿನ ಟಾಸಿನವರೆಗೆ ಕಾಯುತ್ತೇನೆ. ಅಷ್ಟರಲ್ಲಿ ಅವರು ತೋರಿಸಿಕೊಳ್ಳದಿದ್ದರೆ ಎಲ್ಲರೆದುರು ಗ್ರೂಪಿನಲ್ಲೇ ಬರೆಯುತ್ತೇನೆ: "ಮಾವಾರ, ರುದ್ರೇಶ ಅಂದ್ರ ನಾನ್ರಿ, ಭವಾನಿ. ಅಂಜೂದು ಆಗ್ಲೇ ಅಂಜೀನ್ರಿ. ನಡೀರಿ, ದವಾಖಾನಿಗೆ ಹೋಗೂಣು."

ನಿಮ್ಮನ್ನು ನಂಬಿರುವ ತಂಗಿ,
ಭವಾನಿ