ನಿಂಗರಾಜನ ಕುತ್ತಿಗೆ

ಅಕ್ಕಾ,

ಆರು ಗಂಟೆ ಬಸ್ಸಿಗೆ ಮೈಸೂರಿಗೆ ಹೊರಟಿದ್ದೇನೆ. ಇವತ್ತು ನಾಟಕ ಶಾಲೆಯ ಸಂದರ್ಶನ. ಹಾಲು ಕರೆದಿಟ್ಟಿದ್ದೇನೆ, ಏಳರೊಳಗೆ ಡೇರಿಗೆ ಹಾಕಿ ಬಾ.

ಅಪ್ಪಾಜಿಗೆ ತಿಂಡಿಯಾದ ಮೇಲೆ ಮಾತ್ರೆ ಕೊಡು, ಆಮೇಲೆ ನಾನು ಎಲ್ಲಿಗೆ ಹೋದೆನೆಂದು ಹೇಳು. "ಊರೆಲ್ಲ ಹೊಗಳೋ ನಟನಿಗೆ ಇನ್ನೆಂಥಾ ಓದು?" ಎಂದು ಬೈಯುತ್ತಾರೆ. ಬೈಯಲಿ. ಕಾರಣವನ್ನು ಮನೆಯಲ್ಲಿ ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ, ಎದುರಿಗೆ ಹೇಳಲು ಬಾಯಿ ಬರಲಿಲ್ಲ.

ಹೋದ ವಾರ ನಮ್ಮೂರ ನಾಟಕದಲ್ಲಿ ನಾನು ಪಾಳೇಗಾರನಾಗಿ ನಿಂಗರಾಜನ ಕತ್ತು ಹಿಸುಕುವ ದೃಶ್ಯ ಇತ್ತಲ್ಲ, ಅಲ್ಲಿ ನಾನು ನಟಿಸುತ್ತಿರಲಿಲ್ಲ ಅಕ್ಕ. ಕೈ ನಿಜವಾಗಿಯೇ ಬಿಗಿದಿತ್ತು. ಅವನ ಕಣ್ಣು ಮೇಲಾಗುತ್ತಿದ್ದುದು ನನಗೆ ಕಾಣುತ್ತಿತ್ತು, ಆದರೂ ಬಿಡಲಾಗಲಿಲ್ಲ. ಜನ ಶಿಳ್ಳೆ ಹೊಡೆಯುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ಓಡಿ ಬಂದು ನನ್ನ ಬೆರಳು ಬಿಡಿಸದಿದ್ದರೆ ಏನಾಗುತ್ತಿತ್ತೋ. ಅವತ್ತಿನಿಂದ ಕರುವಿನ ಕೊರಳಿಗೆ ಹಗ್ಗ ಹಾಕುವಾಗಲೂ ಬಿಗಿಯಾಯಿತೇನೋ ಎಂದು ಗಂಟು ಬಿಚ್ಚಿ ಬಿಚ್ಚಿ ಕಟ್ಟುತ್ತೇನೆ. ಇವತ್ತು ನೀನೇ ಕಟ್ಟಿಬಿಡು.

ನಿನ್ನೆ ನಿಂಗರಾಜ ಸಿಕ್ಕಿದ್ದ. ಕುತ್ತಿಗೆಯ ಮೇಲಿನ ಗುರುತು ಇನ್ನೂ ಮಾಸಿಲ್ಲ. "ಬಿಳಿಗೆರೇಲೂ ಆಡ್ಬೇಕಂತೆ ಕಣ್ಲಾ. ಅವತ್ತು ಕತ್ತು ಇಡ್ಕಂಡಂಗೇ ಇಡ್ಕೊ, ಜನ ಅದ್ನೇ ಕೇಳ್ತಾವ್ರೆ" ಅಂದ, ನಗುನಗುತ್ತಲೇ. ನನಗಿಂತ ಹೆಚ್ಚಾಗಿ ನನ್ನನ್ನು ನಂಬಿದ್ದಾನೆ.

ಪಾತ್ರದೊಳಗೆ ಹೋಗುವುದು ನನಗೆ ತಾನಾಗಿ ಬರುತ್ತದೆ. ಹೊರಗೆ ಬರುವುದನ್ನು ಯಾರಾದರೂ ಕಲಿಸಬೇಕು. ಅಲ್ಲಿಯವರೆಗೆ ಬಣ್ಣ ಹಚ್ಚುವುದಿಲ್ಲ. ನಿಂಗರಾಜ ಮನೆಗೆ ಬಂದರೆ ಇದನ್ನೇ ಓದಿ ಹೇಳು. ಅವನಿಗೂ ಸ್ವಲ್ಪ ಭಯವಾಗಲಿ.

ಅಮೃತೇಶ